ಜೆ.ಸಿ. ರಸ್ತೆಯ ಬೋರ್ಡಿಲ್ಲದ ಅಂಗಡಿಯಲ್ಲಿ ನನ್ನ ಸ್ವಿಫ್ಟಿನ ಬಾಯಿ ಮುಚ್ಚಿಸಿದ ಕತೆ

ಈ ಅಂಗಡಿಗೆ ಬೋರ್ಡಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸೀಟ್ ಕವರ್ ಅಂಗಡಿಗಳನ್ನು ದಾಟಿ ಒಳಗಿನ ಗಲ್ಲಿಗೆ ತಿರುಗಿ, ವೆಲ್ಡಿಂಗ್ ಕಿಡಿ ಎಲ್ಲಿ ಹಾರುತ್ತಿದೆ ನೋಡಿ, ಅಲ್ಲೇ. ಅಂಗಡಿಯ ಮೆಕ್ಯಾನಿಕ್ಕಿಗೆ ಎಲ್ಲರೂ ಭಾಯ್ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ.

ನನ್ನದು 2007ರ ಸ್ವಿಫ್ಟ್, 1.3 ಪೆಟ್ರೋಲ್. ವರ್ಷಕ್ಕೆ ಎರಡು ಮೂರು ಸಲ ಚೆನ್ನೈ ಕಡೆಯ ಶ್ರೀಪೆರುಂಬುದೂರಿನ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗುತ್ತೇನೆ. ಕಾರು ಹೊತ್ತೊಯ್ಯುವ ಟ್ರೈಲರ್ ಗೀಲರ್ ಎಲ್ಲ ನಮಗೆಲ್ಲಿ. ಅದೇ ಕಾರಿನಲ್ಲಿ ಸುಮಾರು 300 ಕಿಲೋಮೀಟರ್ ಹೋಗಿ, ದಿನವಿಡೀ ಸುತ್ತು ಹಾಕಿ, ಅದರಲ್ಲೇ ವಾಪಸ್. ಎರಡು ವರ್ಷದ ಹಿಂದೆ ಒಂದು ಕಡೆ, ಹೆಸರು ಬೇಡ ಬಿಡಿ, ಕಂಪನಿಯ ಏರ್ ಫಿಲ್ಟರ್ ಡಬ್ಬ ಕಿತ್ತು ಹಾಕಿಸಿ ಡಬ್ಬವಿಲ್ಲದೆ ಬಯಲಲ್ಲೇ ಕೂರುವ ಕೆಂಪು ಕೋನ್ ಫಿಲ್ಟರ್ ಕೂರಿಸಿಕೊಂಡಿದ್ದೆ. 9,000 ರೂಪಾಯಿ. ಮೊದಲ ವಾರ ಆ ಸದ್ದಿಗೆ ನಾನೇ ಹಿಗ್ಗಿದ್ದೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ತಲೆನೋವು. 4,000 ಆರ್‌ಪಿಎಂ (ಇಂಜಿನ್ ನಿಮಿಷಕ್ಕೆ 4,000 ಸುತ್ತು) ಹತ್ತಿರ ಆಕ್ಸಿಲರೇಟರ್ ಒತ್ತಿದರೆ ಡ್ಯಾಶ್‌ಬೋರ್ಡ್ ಒಳಗೆ ಯಾರೋ ಕೂತು ತಮಟೆ ಬಡಿದ ಹಾಗೆ. ಟ್ರ್ಯಾಕಿನಲ್ಲಿ ಇನ್ನೂ ಕಷ್ಟ. ಟೈರು ಹಿಡಿತ ಬಿಡುವ ಮೊದಲು ಸಣ್ಣಗೆ ಕೀರುತ್ತದಲ್ಲ, ಅದನ್ನು ಕೇಳಿಕೊಂಡೇ ತಿರುವಿನಲ್ಲಿ ಕಾರು ಓಡಿಸುವುದು. ಅದೇ ಕೇಳಿಸುತ್ತಿರಲಿಲ್ಲ.

ಇನ್ನೊಂದು ಗ್ಯಾರೇಜಿನವರು ಸೈಲೆನ್ಸರ್ ಹೋಗಿದೆ ಅಂದರು. ಸೈಲೆನ್ಸರ್ ಬದಲಾಯಿತು, ದುಡ್ಡೂ ಹೋಯಿತು, ತಮಟೆ ಮಾತ್ರ ಹಾಗೇ ಇತ್ತು.

ಭಾಯ್ ಕಂಪ್ಯೂಟರ್ ಏನೂ ತರಲಿಲ್ಲ. ಒಂದು ಮೀಟರ್ ರಬ್ಬರ್ ಪೈಪು ತಗೊಂಡು ಒಂದು ತುದಿ ಕಿವಿಗಿಟ್ಟುಕೊಂಡರು, ಹುಡುಗನಿಗೆ ರೇಸ್ ಮಾಡು ಅಂದರು, ಇನ್ನೊಂದು ತುದಿಯನ್ನು ಇಂಜಿನ್ ಸುತ್ತ ಆಡಿಸಿದರು. ಕೋನ್ ಫಿಲ್ಟರ್ ಹತ್ತಿರ ಬಂದ ಕೂಡಲೇ ಮುಖ ಕಿವುಚಿ ಪೈಪು ಎಸೆದರು. "ಏನ್ ಸಾರ್, ಒಳ್ಳೇ ಡಬ್ಬ ಬಿಸಾಕಿ ಈ ಕ್ಯಾರೆಟ್ ಹಾಕ್ಸಿದೀರಾ?"

ವಿಷಯ ಇಷ್ಟೇ. ನಾಲ್ಕು ಸಿಲಿಂಡರಿನ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಗಾಳಿ ಎಳೆಯುತ್ತದೆ. 4,000 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು 133 ಸಲ. ಕಂಪನಿಯ ಡಬ್ಬ ಬರೀ ಫಿಲ್ಟರ್ ಇಡುವ ಪೆಟ್ಟಿಗೆಯಲ್ಲ, ಅದರ ಖಾಲಿ ಜಾಗವೇ ಆ ಬಡಿತವನ್ನು ನುಂಗುತ್ತದೆ. ಕೋನ್ ಫಿಲ್ಟರಿಗೆ ಅಂಥ ಹೊಟ್ಟೆಯೇ ಇಲ್ಲ. ಅದೂ ಸಾಲದೆಂದು ಇಂಜಿನ್ ಪಕ್ಕದ ಬಿಸಿ ಗಾಳಿಯನ್ನೇ ಎಳೆಯುತ್ತದೆ. ಗಾಳಿ 10 ಡಿಗ್ರಿ ಬಿಸಿಯಾದರೆ ಸುಮಾರು 3 ಪರ್ಸೆಂಟ್ ತೆಳುವಾಗುತ್ತದೆ, ಅಂದರೆ ನಾನು ದುಡ್ಡು ಕೊಟ್ಟು ಪವರ್ ಕಳ್ಕೊಂಡಿದ್ದೆ ಅಂತಲೇ ಲೆಕ್ಕ.

ಒಳಗೆ ಫೋಮ್ ಅಂಟಿಸಿದರೆ ಸಾಕಲ್ವಾ ಅಂತ ಕೇಳಿದೆ. ಫಿಲ್ಟರ್ ದಾಟಿದ ಮೇಲೆ ಇಂಜಿನ್ ಕಡೆ ಅಂಟಿಸಿದ ಫೋಮ್ ಒಂದು ದಿನ ಪುಡಿಯಾಗಿ ನೇರ ಇಂಜಿನ್ನಿಗೇ ಹೋಗುತ್ತೆ, ನಾನಂತೂ ಹಾಕಲ್ಲ ಅಂದರು. ಹಾಕಿದರೂ ಫೋಮ್ ನುಂಗುವುದು ಕೀಚಲು ಸದ್ದನ್ನು, ಈ ಗುಮ್ಮೆನ್ನುವುದನ್ನಲ್ಲ.

ಗುಜರಿಯಿಂದ ಒಂದು ದೊಡ್ಡ ಡಬ್ಬ ತಂದು, ಬಾಯಿ ಕತ್ತರಿಸಿ, ಅಲ್ಯೂಮಿನಿಯಂ ಪೈಪು ಬೆಸೆದು, ಗಾಳಿ ಬರುವ ಬಾಯನ್ನು ಹೆಡ್‌ಲ್ಯಾಂಪಿನ ಹಿಂದೆ ಎತ್ತರದಲ್ಲಿ ಇಟ್ಟರು. ಬಂಪರ್ ಕೆಳಗೆ ಇಟ್ಟರೆ ಇನ್ನೂ ತಂಪು ಗಾಳಿ ಸಿಗುತ್ತಿತ್ತು, ಆದರೆ ಒಂದು ಮಳೆಗೆ ಅಂಡರ್‌ಪಾಸ್ ಕೆರೆಯಾಗುವ ಊರಿದು, ನೀರು ಎಳೆದುಕೊಂಡರೆ ಇಂಜಿನ್ನೇ ಹೋಯಿತು.

ನನಗೆ ತುಂಬಾ ಹಿಡಿಸಿದ್ದು ಕೊನೆಯ ಕೆಲಸ. ಗಾಳಿಯ ದಾರಿಗೆ ಪಕ್ಕದಲ್ಲಿ ತುದಿ ಮುಚ್ಚಿದ ಪೈಪೊಂದನ್ನು ಸೇರಿಸಿದರು. ಸದ್ದು ಅದರೊಳಗೆ ಹೋಗಿ ತುದಿಗೆ ಬಡಿದು ಉಲ್ಟಾ ಬಂದು, ಹೊಸದಾಗಿ ಬರುವ ಸದ್ದನ್ನೇ ಹೊಡೆದು ಹಾಕುತ್ತದೆ. ಉದ್ದ ಸರಿಯಾಗಿ ಆ ಸದ್ದಿನ ಅಲೆಯ ಕಾಲು ಭಾಗ ಇರಬೇಕು ಅಷ್ಟೇ. 133ರ ಲೆಕ್ಕಕ್ಕೆ 64 ಸೆಂಟಿಮೀಟರ್ ಬರುತ್ತದೆ, ಆದರೆ ಬಾನೆಟ್ ಒಳಗಿನ ಬಿಸಿಗೆ ಸದ್ದು ಇನ್ನೂ ವೇಗವಾಗಿ ಓಡುವುದರಿಂದ ಇನ್ನೂ ಸ್ವಲ್ಪ ಉದ್ದ ಬೇಕು. ಭಾಯ್ ಲೆಕ್ಕದ ಗೋಜಿಗೇ ಹೋಗಲಿಲ್ಲ. 75ರಿಂದ ಶುರು ಮಾಡಿ, ಎರಡೆರಡು ಸೆಂಟಿ ಕತ್ತರಿಸಿ, ಮುಚ್ಚಳ ಒತ್ತಿ, ಮಿನರ್ವ ಸರ್ಕಲ್ ತನಕ ಒಂದು ರೌಂಡ್ ಹೋಗಿ ಬಂದು, ಮತ್ತೆ ಕತ್ತರಿಸಿ, ಕೊನೆಗೆ 69ಕ್ಕೆ "ಇಲ್ಲೇ ಸಾರ್" ಅಂತ ನಿಲ್ಲಿಸಿದರು.

ನನ್ನ ಮೊಬೈಲ್ ಆ್ಯಪ್ ಪ್ರಕಾರ ಮೂರನೇ ಗೇರಿನಲ್ಲಿ 96 ಇದ್ದ ಡೆಸಿಬಲ್ 89ಕ್ಕೆ ಇಳಿದಿದೆ. ಮೊಬೈಲ್ ಅಂಕಿ ಪಕ್ಕಾ ಅಲ್ಲ, ಆದರೆ ಮೊದಲೂ ಆಮೇಲೂ ಅದೇ ಫೋನ್, ಅದೇ ರಸ್ತೆ. 4,000ದ ತಮಟೆ ಹೋಗಿದೆ. 5,500ರ ಮೇಲೆ ಇನ್ನೂ ಗರ್ಜಿಸುತ್ತದೆ. ಅದು ಇರಲಿ ಬಿಡಿ, ಅಷ್ಟೂ ಬೇಡವೇ?

ಬೈಯುವುದೂ ಇದೆ. ಮೂರು ದಿನ ಅಂದಿದ್ದು ಹನ್ನೊಂದು ದಿನ ಆಯಿತು, ಫೋನ್ ಎತ್ತುವುದೇ ಇಲ್ಲ, ಖುದ್ದಾಗಿ ಹೋಗಿ ನಿಲ್ಲಬೇಕು. ಒಂದು ಕ್ಲಾಂಪು ಸಡಿಲವಿಟ್ಟಿದ್ದರು, ಹೊಸೂರು ದಾಟಿದ ಮೇಲೆ ಪೈಪು ಕಳಚಿ ಹಳೇ ಬೊಬ್ಬೆ ಶುರುವಾಯಿತು, ಡಾಬಾ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತೆ. ಬಿಲ್ ಅಂದರೆ ಸಿಗರೇಟ್ ಪ್ಯಾಕಿನ ಹಿಂದೆ ಬರೆದ 6,500.

ಹೋಗುವುದಾದರೆ ಬೆಳಿಗ್ಗೆ ಹನ್ನೊಂದರ ಒಳಗೆ ಹೋಗಿ, ಆಮೇಲೆ ಆ ಗಲ್ಲಿಯಲ್ಲಿ ಕಾರು ತಿರುಗಿಸಲೂ ಜಾಗ ಇರುವುದಿಲ್ಲ. ಕಂಪನಿಯ ಡಬ್ಬ ಮನೆಯ ಅಟ್ಟದಲ್ಲಿ ಇದ್ದರೆ ಮೊದಲು ಅದನ್ನೇ ತಗೊಂಡು ಹೋಗಿ. ನನ್ನದು ಇದ್ದಿದ್ದರೆ 500 ರೂಪಾಯಿಯಲ್ಲಿ ಮುಗೀತಿತ್ತು ಅಂತ ಭಾಯ್ ಎರಡು ಸಲ ಹೇಳಿದರು.