ನ್ಯಾನ್ಸಿ ಡ್ರೂ (2007): ಸುಳಿವು ಸರಿ, ಶಂಕಿತರೇ ಸಾಲದು

ಮಕ್ಕಳ ಜೊತೆ ಕೂತು ನೋಡುವ ಪತ್ತೇದಾರಿ ಸಿನಿಮಾಕ್ಕೆ ಒಂದು ಸರಳ ಪರೀಕ್ಷೆ ಇದೆ. ಗುಟ್ಟು ಬಿಡಿಸುವ ಸುಳಿವು ನಮ್ಮ ಕಣ್ಣಿಗೂ ಬಿದ್ದಿತ್ತೇ, ಇಲ್ಲವೇ ಕೊನೆಯಲ್ಲಿ ಯಾರೋ ಎಲ್ಲವನ್ನೂ ಬಾಯಲ್ಲೇ ಹೇಳಿ ಮುಗಿಸಿದರೇ? ಆಂಡ್ರ್ಯೂ ಫ್ಲೆಮಿಂಗ್ ನಿರ್ದೇಶಿಸಿದ 99 ನಿಮಿಷದ ಈ ಚಿತ್ರ ಅದರಲ್ಲಿ ಪಾಸು. ಆದರೆ ಫಸ್ಟ್ ಕ್ಲಾಸ್ ಅಲ್ಲ.

ರಿವರ್ ಹೈಟ್ಸ್ ಎಂಬ ಪುಟ್ಟ ಊರಿನ ಹುಡುಗಿ ನ್ಯಾನ್ಸಿ (ಎಮ್ಮಾ ರಾಬರ್ಟ್ಸ್). ವಕೀಲ ಅಪ್ಪನ ಕೆಲಸದ ನಿಮಿತ್ತ ಲಾಸ್ ಏಂಜಲೀಸ್‌ಗೆ ಬರುತ್ತಾಳೆ. ಇನ್ನು ಪತ್ತೇದಾರಿಕೆ ಬೇಡ ಎಂದು ಅಪ್ಪ ಅವಳಿಂದ ಮಾತು ಪಡೆದಿದ್ದಾನೆ. ಆದರೆ ಉಳಿಯುವ ಮನೆ ಆರಿಸಿದವಳು ಅವಳೇ! ಅದು ನಟಿ ಡೀಲಿಯಾ ಡ್ರೇಕಾಟ್‌ಳ ಬಂಗಲೆ. 1981ರಲ್ಲಿ ಆಕೆ ಅಲ್ಲಿಯ ಈಜುಕೊಳದಲ್ಲೇ ಹೆಣವಾಗಿದ್ದಳು. ಹೇಗೆ ಎಂಬುದು ಬಗೆಹರಿದಿಲ್ಲ. ಕೊಟ್ಟ ಮಾತು ಎಷ್ಟು ದಿನ ಉಳಿದೀತು?

ತನಿಖೆ ಸಾಗುವ ರೀತಿ ಚಿತ್ರದ ದೊಡ್ಡ ಬಲ. ಹಳೆಯ ಪತ್ರ, ಅದರಿಂದ ಡೀಲಿಯಾ ದತ್ತು ಕೊಟ್ಟ ಮಗುವಿನ ಜಾಡು, ಅಲ್ಲಿಂದ ಈಗ ದೊಡ್ಡವಳಾದ ಆ ಮಗು ಜೇನ್ ಬ್ರೈಟನ್ (ರೇಚಲ್ ಲೀ ಕುಕ್), ಜೇನ್‌ಳಿಂದ ಕಾಣೆಯಾದ ಉಯಿಲು. ಒಂದು ಕೊಂಡಿ ಕಳಚಿದರೂ ಮುಂದಿನದು ಸಿಗುವುದಿಲ್ಲ. ಉಯಿಲು ಎಲ್ಲಿದೆ ಎಂಬ ಉತ್ತರವಂತೂ ಡೀಲಿಯಾಳ ಹಳೆಯ ಸಿನಿಮಾದ ದೃಶ್ಯವೊಂದರಲ್ಲೇ ಕೂತಿದೆ. ನ್ಯಾನ್ಸಿ ನೋಡುವಾಗ ನಾವೂ ಅದನ್ನೇ ನೋಡುತ್ತಿರುತ್ತೇವೆ, ಗಮನಿಸಿರುವುದಿಲ್ಲ ಅಷ್ಟೇ. ನ್ಯಾಯವಾದ ಸುಳಿವು ಅಂದರೆ ಇದು.

ಎಡವುವುದು ಶಂಕಿತರ ವಿಷಯದಲ್ಲಿ. ಲಾಭ ಯಾರಿಗೆ, ಅವಕಾಶ ಯಾರಿಗೆ ಇತ್ತು ಎಂದು ಲೆಕ್ಕ ಹಾಕಲು ಕನಿಷ್ಠ ಮೂರು ನಾಲ್ಕು ಮುಖಗಳಾದರೂ ಬೇಕು. ಇಲ್ಲಿ ಬಂಗಲೆ ನೋಡಿಕೊಳ್ಳುವ ಲೆಶಿಂಗ್‌ನನ್ನು ಎಷ್ಟು ಅನುಮಾನಾಸ್ಪದವಾಗಿ ತೋರಿಸಿದ್ದಾರೆ ಎಂದರೆ, ಇಂಥ ಕಥೆ ನಾಲ್ಕು ಓದಿದ ಮಗುವೂ ಅವನನ್ನು ತಕ್ಷಣ ಪಕ್ಕಕ್ಕಿಡುತ್ತದೆ. ಆಮೇಲೆ ಉಳಿಯುವವರು ಬೆರಳೆಣಿಕೆ. ದೊಡ್ಡ ಮಕ್ಕಳು ಅರ್ಧಕ್ಕೇ ಹೆಸರು ಹೇಳಿಬಿಡುತ್ತಾರೆ. ಶಾಲೆಯ ಜಂಬದ ಹುಡುಗಿಯರಿಗೆ ಕೊಟ್ಟ ಸಮಯದಲ್ಲಿ ಸ್ವಲ್ಪ ಕತ್ತರಿಸಿ ಇನ್ನೊಬ್ಬ ಶಂಕಿತನನ್ನು ಬೆಳೆಸಬಹುದಿತ್ತು.

ನ್ಯಾನ್ಸಿ ಡ್ರೂ ಪತ್ತೇದಾರಿ ಪುಸ್ತಕಗಳನ್ನು ಓದಿದವರಿಗೆ ಒಂದು ಮಾತು. ಕ್ಯಾರೊಲಿನ್ ಕೀನ್ ಎಂಬ ಹೆಸರಿನಲ್ಲಿ ಬಂದ ಈ ಸರಣಿಯ ಮೊದಲ ಮೂರು ಪುಸ್ತಕಗಳು 1930ರ ಏಪ್ರಿಲ್‌ನಲ್ಲಿ ಒಟ್ಟಿಗೇ ಹೊರಬಂದವು. ಕೀನ್ ಎಂಬ ಒಬ್ಬ ಲೇಖಕಿ ಇರಲಿಲ್ಲ; ಎಡ್ವರ್ಡ್ ಸ್ಟ್ರಾಟೆಮೇಯರ್‌ನ ಸಂಸ್ಥೆಗಾಗಿ ಮೊದಲ 30ರಲ್ಲಿ 23 ಪುಸ್ತಕಗಳನ್ನು ಬರೆದದ್ದು ಮಿಲ್ಡ್ರೆಡ್ ವರ್ಟ್ ಬೆನ್ಸನ್. ಚಿತ್ರ ಯಾವ ಒಂದು ಪುಸ್ತಕದ ಕಥೆಯೂ ಅಲ್ಲ. ಆದರೂ ಕಾಣೆಯಾದ ಉಯಿಲು ಸರಣಿಯ ಮೊದಲ ಪುಸ್ತಕದ ಎಳೆಯೇ. ಗುಪ್ತ ದಾರಿಯೂ ಇದೆ. ನೀಲಿ ಕಾರೂ ಇದೆ, ಇಲ್ಲಿ ಅದು ಪುಟಾಣಿ ನ್ಯಾಶ್ ಮೆಟ್ರೊಪಾಲಿಟನ್. ಹಳೆ ಕಾಲದ ಉಡುಪಿನ ಶಿಸ್ತಿನ ಹುಡುಗಿಯನ್ನು ಇಂದಿನ ಶಾಲೆಗೆ ತಂದು ಬಿಟ್ಟು, ಅವಳನ್ನೇ ನಗೆಪಾಟಲು ಮಾಡದೆ ನಗಿಸಿರುವುದು ಸುಲಭದ ಕೆಲಸವಲ್ಲ. ಎಮ್ಮಾ ರಾಬರ್ಟ್ಸ್ ಕೊನೆಯವರೆಗೂ ಆ ಗಾಂಭೀರ್ಯ ಬಿಡುವುದಿಲ್ಲ. ನ್ಯಾನ್ಸಿಯ ಗೆಳತಿಯರಾದ ಬೆಸ್ ಮತ್ತು ಜಾರ್ಜ್ ಮಾತ್ರ ಬಂದಷ್ಟೇ ಬೇಗ ಮಾಯ. ಅವರ ಜಾಗಕ್ಕೆ ಬಂದ ಪುಟ್ಟ ಕಾರ್ಕಿ (ಜಾಶ್ ಫ್ಲಿಟರ್) ಕೆಲವೆಡೆ ನಗಿಸುತ್ತಾನೆ, ಕೆಲವೆಡೆ ತನಿಖೆಗೇ ಅಡ್ಡ ನಿಲ್ಲುತ್ತಾನೆ.

ಅಮೆರಿಕದಲ್ಲಿ ಇದಕ್ಕೆ ಪಿಜಿ (ಪೋಷಕರ ಮಾರ್ಗದರ್ಶನ ಇರಲಿ ಎಂಬ) ಪ್ರಮಾಣಪತ್ರ. ರಕ್ತಪಾತವಿಲ್ಲ. ಆದರೆ ಕೊಲೆಯ ಮಾತು, ಅಪಹರಣ, ಕತ್ತಲ ಬಂಗಲೆಯ ಸದ್ದುಗಳು ಇವೆ; ಎಂಟು ವರ್ಷ ದಾಟಿದವರಿಗೆ ತೊಂದರೆಯಿಲ್ಲ, ಅದಕ್ಕಿಂತ ಚಿಕ್ಕವರಿದ್ದರೆ ಪಕ್ಕದಲ್ಲಿ ಕೂತಿರಿ. ಮದುವೆಯಾಗದೆ ಹೆತ್ತ ಮಗುವನ್ನು ದತ್ತು ಕೊಟ್ಟ ವಿಷಯ ಬರುವುದರಿಂದ ಪ್ರಶ್ನೆಗಳೂ ಬರುತ್ತವೆ. ಪಾರ್ಟಿಯಲ್ಲಿ ಉಸಿರುಕಟ್ಟಿದವಳ ಗಂಟಲಲ್ಲಿ ನ್ಯಾನ್ಸಿ ತಾನೇ ತೂತು ಮಾಡಿ ಉಸಿರಾಡಿಸುವ ದೃಶ್ಯ ನಗೆಗಾಗಿ ಇಟ್ಟದ್ದು. ಅದು ವೈದ್ಯರ ಕೆಲಸ, ಆಟಕ್ಕೂ ಬೇಡ ಎಂದು ಮಕ್ಕಳಿಗೆ ಹೇಳಿಬಿಡಿ.

ಡೀಲಿಯಾಳ ಹಳೆಯ ಸಿನಿಮಾ ತೆರೆಯ ಮೇಲೆ ಬಂದಾಗ ಒಮ್ಮೆ ನಿಲ್ಲಿಸಿ, ಸೆಟ್ಟಿನಲ್ಲಿ ಏನೇನು ಸಾಮಾನು ಕಂಡಿತು ಎಂದು ಕೇಳಿ. ಸರಿಯಾದ ವಸ್ತುವನ್ನು ಹೆಸರಿಸುವ ಮಗು ನ್ಯಾನ್ಸಿಗಿಂತ ಮುಂದಿದೆ.