ಅಳೆದು ಬರೆದುಕೊಡುವ ಫಿಸಿಯೋಥೆರಪಿ: ಸೇಡಂ ರಸ್ತೆಯ ಒಂದು ಕೇಂದ್ರದ ಕುರಿತು

ಫಿಸಿಯೋಥೆರಪಿ ಕೇಂದ್ರದ ಯೋಗ್ಯತೆಯನ್ನು ಅಲ್ಲಿರುವ ಯಂತ್ರಗಳಿಂದ ನಿರ್ಧರಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಕರೆಂಟ್ ಕೊಡುತ್ತಾರೆಯೇ, ಮೇಣದ ಶಾಖ ಕೊಡುತ್ತಾರೆಯೇ ಎಂದು ವಿಚಾರಿಸಿಕೊಂಡು ಹೋಗುವವರೇ ಹೆಚ್ಚು. ಕಲಬುರಗಿಯ ಸೇಡಂ ರಸ್ತೆಯಲ್ಲಿ, ಮೆಡಿಕಲ್ ಅಂಗಡಿಯೊಂದರ ಮಹಡಿಯ ಮೇಲಿರುವ ಈ ಚಿಕ್ಕ ಕೇಂದ್ರದಲ್ಲಿ ಯಂತ್ರಗಳು ಕಡಿಮೆ, ಇರುವ ಒಂದೆರಡೂ ಹಳೆಯವು. ಆದರೆ ಯಾವ ಕೀಲು ಯಾವ ದಿಕ್ಕಿಗೆ ಎಷ್ಟು ಡಿಗ್ರಿ ಚಲಿಸುತ್ತದೆ ಎಂಬುದನ್ನು ಅಳೆದು, ಆ ಚಲನೆಯ ಹೆಸರು ಹೇಳಿ, ಕಾಗದದ ಮೇಲೆ ಬರೆದುಕೊಟ್ಟ ನಂತರವೇ ಇಲ್ಲಿ ಚಿಕಿತ್ಸೆ ಆರಂಭವಾಗುತ್ತದೆ. ಈ ಬರಹದಲ್ಲಿ ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ.

ನಮ್ಮ ಅಕ್ಕನ ಬಲಭುಜ ಹಿಡಿದುಕೊಂಡಿತ್ತು. ಫ್ರೋಜನ್ ಶೋಲ್ಡರ್ ಎಂದು ಮೂಳೆ ವೈದ್ಯರು ಆಗಲೇ ಹೇಳಿದ್ದರು. ನಲವತ್ತರಿಂದ ಅರವತ್ತರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ, ಅದರಲ್ಲೂ ಸಕ್ಕರೆ ಕಾಯಿಲೆ ಇರುವವರಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ತೊಂದರೆ ಇದು. ಅಕ್ಕನಿಗೆ ಮೂರೂ ಅನ್ವಯಿಸುತ್ತವೆ. ಮೊದಲು ಹೋಗುತ್ತಿದ್ದ ಬೇರೊಂದು ಕಡೆ ಭುಜಕ್ಕೆ ತಂತಿಗಳನ್ನು ಅಂಟಿಸಿ, ಗಡಿಯಾರ ನೋಡಿ ಬಿಚ್ಚಿ, ಮನೆಗೆ ಕಳುಹಿಸುತ್ತಿದ್ದರು. ಕೈ ಎಲ್ಲಿಯವರೆಗೆ ಏಳುತ್ತದೆ ಎಂಬುದನ್ನು ಅಲ್ಲಿ ಯಾರೂ ಒಮ್ಮೆಯೂ ನೋಡಿರಲಿಲ್ಲ.

ಇಲ್ಲಿಯ ಚಿಕಿತ್ಸಕರು ಮೊದಲು ಮಾಡಿದ ಕೆಲಸವೆಂದರೆ ಅಕ್ಕನನ್ನು ನೆಟ್ಟಗೆ ನಿಲ್ಲಿಸಿ, ಕೈಗಳನ್ನು ಪಕ್ಕಕ್ಕೆ ಇಳಿಬಿಡಿಸಿ, ಅಂಗೈಗಳು ಮುಂದಕ್ಕೆ ಕಾಣುವಂತೆ ತಿರುಗಿಸಿದ್ದು. ದೇಹದ ಎಲ್ಲ ಚಲನೆಗಳ ಹೆಸರುಗಳೂ ಈ ನಿಲುವನ್ನು ಆಧಾರವಾಗಿಟ್ಟುಕೊಂಡೇ ಹುಟ್ಟಿವೆ. ಅಲ್ಲಿಂದ ತೋಳನ್ನು ಮುಂದಕ್ಕೆ ಎತ್ತಿದರೆ ಫ್ಲೆಕ್ಷನ್, ಹಿಂದಕ್ಕೆ ಒಯ್ದರೆ ಎಕ್ಸ್‌ಟೆನ್ಷನ್, ದೇಹದಿಂದ ಪಕ್ಕಕ್ಕೆ ದೂರ ಸರಿಸಿದರೆ ಅಬ್‌ಡಕ್ಷನ್, ಮತ್ತೆ ದೇಹದ ಕಡೆಗೆ ತಂದರೆ ಅಡಕ್ಷನ್. ತೋಳು ತನ್ನದೇ ಅಕ್ಷದ ಮೇಲೆ ಹೊರಕ್ಕೆ ತಿರುಗಿದರೆ ಎಕ್ಸ್‌ಟರ್ನಲ್ ರೊಟೇಷನ್, ಒಳಕ್ಕೆ ತಿರುಗಿದರೆ ಇಂಟರ್ನಲ್ ರೊಟೇಷನ್. ಇಷ್ಟನ್ನು ಅವರು ತಮ್ಮ ಕೈಯಿಂದಲೇ ಮಾಡಿ ತೋರಿಸಿ, ನಂತರ ಗೋನಿಯೋಮೀಟರ್ ಹಿಡಿದರು. ಎರಡು ಉದ್ದನೆಯ ಪಟ್ಟಿಗಳನ್ನು ಕೋನಮಾಪಕಕ್ಕೆ ಜೋಡಿಸಿದ ಸಾಧನ ಅದು: ನಡುವಿನ ಮೊಳೆ ಕೀಲಿನ ಮೇಲೆ ಬರಬೇಕು, ಒಂದು ಪಟ್ಟಿ ಮುಂಡದ ಜೊತೆ ಸ್ಥಿರವಾಗಿರಬೇಕು, ಇನ್ನೊಂದು ತೋಳಿನ ಮೂಳೆಯ ಜೊತೆ ಚಲಿಸಬೇಕು.

ಅಳತೆಯ ನಡುವೆ ಅವರು ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: “ಅಕ್ಕಾರ, ಕೈ ಎತ್ತ್ರಿ, ಆದ್ರ ಹೆಗಲು ಎತ್ತಬ್ಯಾಡ್ರಿ.” ಇದರ ಹಿಂದಿರುವ ಕಾರಣವನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ಆರೋಗ್ಯವಂತರು ಕೈಯನ್ನು ತಲೆಯ ಮೇಲೆ ಪೂರ್ತಿ ಎತ್ತಿದಾಗ ಆಗುವ 180 ಡಿಗ್ರಿಯಲ್ಲಿ ಸುಮಾರು 120 ಮಾತ್ರ ತೋಳಿನ ಮೂಳೆ ಗುಳಿಯಲ್ಲಿ ಚಲಿಸುವುದರಿಂದ ಬರುತ್ತದೆ. ಉಳಿದ 60 ಡಿಗ್ರಿ ಬೆನ್ನಿನ ಮೇಲಿರುವ ಹೆಗಲ ಮೂಳೆ ಜಾರಿ ತಿರುಗುವುದರಿಂದ ಬರುತ್ತದೆ. ಭುಜದ ಕೀಲು ಹಿಡಿದುಕೊಂಡವರು ಅರಿವಿಲ್ಲದೆಯೇ ಹೆಗಲ ಮೂಳೆಯನ್ನು ಮೇಲಕ್ಕೆ ಎಳೆದು, ಬೆನ್ನನ್ನು ಹಿಂದಕ್ಕೆ ಬಾಗಿಸಿ, ಕೈ ಏಳುತ್ತಿದೆ ಎಂಬ ಭ್ರಮೆಯನ್ನು ತಮಗೂ ನೋಡುವವರಿಗೂ ಹುಟ್ಟಿಸುತ್ತಾರೆ. ಚಿಕಿತ್ಸಕರು ಒಂದು ಕೈಯಿಂದ ಅಕ್ಕನ ಹೆಗಲ ಮೂಳೆಯ ಅಂಚನ್ನು ಒತ್ತಿ ಹಿಡಿದು ಮತ್ತೆ ಅಳೆದಾಗ ಮೊದಲು ಬಂದಿದ್ದ ಸಂಖ್ಯೆ ಗಣನೀಯವಾಗಿ ಇಳಿಯಿತು. ಅವರು ಬರೆದುಕೊಂಡದ್ದು ಆ ಇಳಿದ ಸಂಖ್ಯೆಯನ್ನೇ, ಮತ್ತು ನನಗೆ ಈ ಕೇಂದ್ರದ ಮೇಲೆ ನಂಬಿಕೆ ಬಂದದ್ದು ಆಗಲೇ.

ಎಲ್ಲಕ್ಕಿಂತ ಕೆಟ್ಟ ಸ್ಥಿತಿಯಲ್ಲಿದ್ದದ್ದು ಎಕ್ಸ್‌ಟರ್ನಲ್ ರೊಟೇಷನ್. ತೋಳನ್ನು ಹೆಗಲಿನ ಸಮಕ್ಕೆ ಚಾಚಿ ಅಳೆದರೆ ಇದು ಸಾಮಾನ್ಯವಾಗಿ ಸುಮಾರು 90 ಡಿಗ್ರಿ ಇರಬೇಕು. ಅಕ್ಕನಿಗೆ ಆ ಭಂಗಿಯೇ ಸಾಧ್ಯವಿರಲಿಲ್ಲವಾದ್ದರಿಂದ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿಸಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ ಅಳೆದರು, ಮತ್ತು ಯಾವ ಭಂಗಿಯಲ್ಲಿ ಅಳೆದದ್ದು ಎಂಬುದನ್ನೂ ಪಕ್ಕದಲ್ಲಿ ನಮೂದಿಸಿದರು. ಬಂದದ್ದು 15 ಡಿಗ್ರಿ. ಬಳಿಕ ಅಕ್ಕ ಸುಮ್ಮನೆ ಕುಳಿತಿರುವಾಗ ತಾವೇ ಕೈ ಹಿಡಿದು ತಿರುಗಿಸಿ ನೋಡಿದರು. ಆಗಲೂ ಹೆಚ್ಚು ತಿರುಗಲಿಲ್ಲ. ಈ ಎರಡನೆಯ ಪರೀಕ್ಷೆಯನ್ನು ಅನೇಕರು ಬಿಟ್ಟುಬಿಡುತ್ತಾರೆ. ರೋಗಿ ತಾನಾಗಿ ಎತ್ತಲಾರದ ಕೈಯನ್ನು ಬೇರೆಯವರು ಸರಾಗವಾಗಿ ಎತ್ತಬಹುದಾದರೆ ಸ್ನಾಯು ಅಥವಾ ಅದನ್ನು ಮೂಳೆಗೆ ಜೋಡಿಸುವ ಕಂಡರ ಹರಿದಿರಬಹುದೆಂಬ ಅನುಮಾನ ಬರುತ್ತದೆ. ಇಬ್ಬರಿಂದಲೂ ಆಗದಿದ್ದರೆ ಕೀಲನ್ನು ಸುತ್ತುವರಿದ ಚೀಲವೇ ದಪ್ಪಗಾಗಿ ಕುಗ್ಗಿರುವ ಸಂಭವ ಹೆಚ್ಚು. ಫ್ರೋಜನ್ ಶೋಲ್ಡರ್‌ನಲ್ಲಿ ಆಗುವುದು ಈ ಎರಡನೆಯದು.

ಇಂಟರ್ನಲ್ ರೊಟೇಷನ್‌ಗೆ ಡಿಗ್ರಿಯ ಗೊಡವೆಗೆ ಹೋಗದೆ, ಕೈಯನ್ನು ಬೆನ್ನ ಹಿಂದೆ ಒಯ್ದಾಗ ಹೆಬ್ಬೆರಳು ಎಲ್ಲಿಯವರೆಗೆ ಮುಟ್ಟುತ್ತದೆ ಎಂದು ನೋಡಿದರು: ಎಡಗೈಯದು ಹೆಗಲ ಮೂಳೆಯ ಕೆಳತುದಿ ಮುಟ್ಟಿತು, ಬಲಗೈಯದು ಸೊಂಟ ದಾಟಲಿಲ್ಲ. ನಂತರ ಈ ಅಂಕಿಗಳನ್ನೆಲ್ಲ ಅಕ್ಕನ ದಿನಚರಿಗೆ ಹೊಂದಿಸಿದರು. ತಲೆ ಬಾಚಿ ಜಡೆ ಹಾಕಿಕೊಳ್ಳಲು ಅಬ್‌ಡಕ್ಷನ್ ಮತ್ತು ಎಕ್ಸ್‌ಟರ್ನಲ್ ರೊಟೇಷನ್ ಎರಡೂ ಒಟ್ಟಿಗೆ ಬೇಕು. ಸೆರಗನ್ನು ಹಿಂದಿನಿಂದ ಎಳೆದು ಸೊಂಟಕ್ಕೆ ಸಿಕ್ಕಿಸಲು ಇಂಟರ್ನಲ್ ರೊಟೇಷನ್ ಬೇಕು. ಜೋಳದ ರೊಟ್ಟಿ ಬಡಿಯಲು ಮಾತ್ರ ಭುಜ ಅಷ್ಟಾಗಿ ಏಳಬೇಕಿಲ್ಲ. ಅಂಗೈ ಕೆಳಮುಖವಾಗಿರುವ ಪ್ರೊನೇಷನ್ ಮತ್ತು ಮಣಿಕಟ್ಟಿನ ಚಲನೆ ಸರಿಯಿದ್ದರೆ ಕೆಲಸ ನಡೆಯುತ್ತದೆ. ಹೀಗಾಗಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಬೇಡಿರಿ, ಕಟ್ಟೆ ತುಸು ತಗ್ಗಾಗಿರಲಿ ಎಂದು ಹೇಳಿದರು. ಎಲ್ಲವನ್ನೂ ಬಿಟ್ಟು ವಿಶ್ರಾಂತಿ ತೆಗೆದುಕೊಳ್ಳಿರಿ ಎಂಬ ಸಲಹೆಯನ್ನೇ ಕೇಳಿ ಬೇಸತ್ತಿದ್ದ ಅಕ್ಕನಿಗೆ ಇದರಿಂದ ಬಂದ ಉತ್ಸಾಹವನ್ನು ನಾನು ಯಾವ ಯಂತ್ರದ ಶಾಖದಿಂದಲೂ ಬಂದದ್ದನ್ನು ಕಂಡಿಲ್ಲ.

ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರವೊಂದಿದೆ. ಅದರ ಮುಂಗೈಯನ್ನು ತಿರುಗಿಸಿ ನೋಡಲು ಯಾರ ಅಡ್ಡಿಯೂ ಇಲ್ಲ: ಅಂಗೈ ಮೇಲ್ಮುಖವಾದ ಸುಪಿನೇಷನ್‌ನಲ್ಲಿ ರೇಡಿಯಸ್ ಮತ್ತು ಅಲ್ನಾ ಮೂಳೆಗಳು ಸಮಾನಾಂತರವಾಗಿರುತ್ತವೆ, ಪ್ರೊನೇಷನ್‌ನಲ್ಲಿ ರೇಡಿಯಸ್ ಅಲ್ನಾದ ಮೇಲೆ ಅಡ್ಡ ಹಾಯುತ್ತದೆ. ಭುಜದ ಗುಳಿ ಚಿಕ್ಕ ತಟ್ಟೆಯಷ್ಟೇ ಆಳವಿರುವುದನ್ನೂ, ಸೊಂಟದ ಗುಳಿ ತೊಡೆಮೂಳೆಯ ಗುಂಡನ್ನು ಒಳಗೆ ಹುದುಗಿಸಿಕೊಂಡಿರುವುದನ್ನೂ ಅಲ್ಲಿ ಅಕ್ಕಪಕ್ಕ ನೋಡಬಹುದು. ಎರಡೂ ಚೆಂಡು-ಗುಳಿ ಕೀಲುಗಳೇ ಆದರೂ ಭುಜ ಹೆಚ್ಚು ತಿರುಗುತ್ತದೆ ಮತ್ತು ಸುಲಭವಾಗಿ ಜಾರುತ್ತದೆ.

ಪಕ್ಕದ ಹಾಸಿಗೆಯಲ್ಲಿ ಆಳಂದ ಕಡೆಯ ಹಿರಿಯರೊಬ್ಬರು ಮೊಣಕಾಲಿನ ಚಿಕಿತ್ಸೆಗೆ ಬರುತ್ತಿದ್ದರು. ಅವರಿಗೆ ಕೇಳಿದ ಮೊದಲ ಪ್ರಶ್ನೆ, ನಮಾಜನ್ನು ಕುರ್ಚಿಯ ಮೇಲೆ ಮಾಡುತ್ತೀರೋ ನೆಲದ ಮೇಲೋ ಎಂಬುದು. ಕುರ್ಚಿಯಿಂದ ಏಳಲು ಮೊಣಕಾಲು 90 ಡಿಗ್ರಿಗಿಂತ ಸ್ವಲ್ಪ ಹೆಚ್ಚು ಮಡಚಿದರೆ ಸಾಕು. ನೆಲದ ಮೇಲೆ ಹಿಮ್ಮಡಿಗೆ ತಾಗಿ ಕೂರಲು ಪೂರ್ತಿ ಫ್ಲೆಕ್ಷನ್ ಬೇಕು. ಎಡಪಾದ ಮಲಗಿ ಪ್ಲಾಂಟರ್ ಫ್ಲೆಕ್ಷನ್‌ನಲ್ಲಿ, ಅಂದರೆ ಹಿಂದಕ್ಕೆ ಚಾಚಿಕೊಂಡು, ಇರಬೇಕು, ನೆಟ್ಟಗೆ ನಿಂತ ಬಲಪಾದದ ಬೆರಳುಗಳು ಬುಡದಲ್ಲಿ ಎಕ್ಸ್‌ಟೆನ್ಷನ್‌ಗೆ, ಅಂದರೆ ಪಾದದ ಮೇಲ್ಬದಿಯ ಕಡೆಗೆ, ಮಡಚಿಕೊಳ್ಳಬೇಕು. ಹೀಗೆ ಮೊಣಕಾಲಿನ ರೋಗಿಯ ಪಾದದ ಬೆರಳನ್ನೂ ಅಳೆದು ಗುರಿ ನಿಗದಿಪಡಿಸಿದ್ದನ್ನು ನಾನು ಕಣ್ಣಾರೆ ಕಂಡೆ.

ಫಲಿತಾಂಶದ ವಿಷಯ ಹೇಳಬೇಕೆಂದರೆ, ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಎಕ್ಸ್‌ಟರ್ನಲ್ ರೊಟೇಷನ್ ಅದೇ ಭಂಗಿಯಲ್ಲಿ 45 ಡಿಗ್ರಿಗೆ ಬಂದಿದೆ, ಜಡೆಯನ್ನು ತಾನೇ ಹಾಕಿಕೊಳ್ಳುತ್ತಾಳೆ. ಈ ಕಾಯಿಲೆ ಕಾಲಾಂತರದಲ್ಲಿ ತಾನಾಗಿಯೂ ಸಡಿಲವಾಗುವುದುಂಟು. ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ಕೇಂದ್ರಕ್ಕೆ ಕೊಡಲಾರೆ; ಆದರೆ ಎಷ್ಟು ಸಡಿಲವಾಗಿದೆ ಎಂದು ನಿಖರವಾಗಿ ಹೇಳಲು ಸಾಧ್ಯವಾಗಿರುವುದು ಅವರು ಬರೆದಿಟ್ಟ ಹಾಳೆಯಿಂದಲೇ.

ಈಗ ದೂರುಗಳು. ಆ ಹಾಳೆ ಪೂರ್ತಿ ಇಂಗ್ಲಿಷಿನಲ್ಲಿದೆ, ಅದರಲ್ಲೂ ಬರಿಯ ಸಂಕ್ಷೇಪಾಕ್ಷರಗಳಲ್ಲಿ. ಕೈಬರಹದಲ್ಲಿ ಅಬ್‌ಡಕ್ಷನ್ ಯಾವುದು, ಅಡಕ್ಷನ್ ಯಾವುದು ಎಂದು ಓದುವುದೇ ಕಷ್ಟ. ಮನೆಯಲ್ಲಿ ವ್ಯಾಯಾಮ ಮಾಡಿಸುವವರು ತೋಳನ್ನು ಹೊರಕ್ಕೆ ಸರಿಸಬೇಕಾದಲ್ಲಿ ಒಳಕ್ಕೆ ತರುವ ಅಪಾಯವಿದೆ. ಕನ್ನಡದಲ್ಲಿ ಒಂದು ಸಾಲು ವಿವರಣೆ, ಪಕ್ಕದಲ್ಲಿ ಒಂದು ರೇಖಾಚಿತ್ರ ಕೊಟ್ಟರೆ ಏನೂ ಖರ್ಚಾಗದು. ಗೋಡೆಯ ಮೇಲಿನ ಪಾದದ ಚಿತ್ರಪಟದಲ್ಲಿ ಇನ್ವರ್ಷನ್ ಮತ್ತು ಎವರ್ಷನ್ ಹೆಸರುಗಳು ಅದಲುಬದಲಾಗಿವೆ. ಅಂಗಾಲು ಒಳಕ್ಕೆ, ಅಂದರೆ ಇನ್ನೊಂದು ಕಾಲಿನ ಕಡೆಗೆ ತಿರುಗುವುದೇ ಇನ್ವರ್ಷನ್. ರಸ್ತೆಯ ಗುಂಡಿಯಲ್ಲಿ ಕಾಲಿಟ್ಟು ಉಳುಕುವಾಗ ಹೆಚ್ಚಿನ ಸಲ ಆಗುವುದು ಅದೇ, ಹರಿಯುವುದು ಹೊರಬದಿಯ ಅಸ್ಥಿರಜ್ಜು. ಆ ಬದಿಯ ಸ್ನಾಯುಗಳಿಗೆ ಬಲ ಬರಿಸುವ ವ್ಯಾಯಾಮ ಎವರ್ಷನ್, ಅಂದರೆ ಅಂಗಾಲನ್ನು ಹೊರಕ್ಕೆ ತಿರುಗಿಸುವುದು. ಚಿತ್ರಪಟವನ್ನು ನಂಬಿ ಮಾಡಿದವರು ಉಲ್ಟಾ ವ್ಯಾಯಾಮವನ್ನೇ ಮಾಡುತ್ತಾರೆ. ಹೇಳಿದ ಮೇಲೂ ಅದನ್ನು ತೆಗೆದಿಲ್ಲ.

ಸಂಜೆಯ ಹೊತ್ತು ಕಾಯಬೇಕಾಗುತ್ತದೆ, ಮತ್ತು ಕಾಯುವ ಕೋಣೆಯಲ್ಲಿ ಒಂದೇ ಫ್ಯಾನ್ ಇದೆ. ಕಲಬುರಗಿಯ ಮೇ ತಿಂಗಳನ್ನು ಬಲ್ಲವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಇನ್ನು ಮೆಟ್ಟಿಲುಗಳು. ಹತ್ತಲು ಮೊಣಕಾಲು 80 ಡಿಗ್ರಿಗೂ ಮಿಕ್ಕಿ ಮಡಚಬೇಕು, ಇಳಿಯಲು ಅದಕ್ಕಿಂತಲೂ ಹೆಚ್ಚು ಬೇಕು. ಮೊಣಕಾಲು ಮಡಚಲಾರದವರನ್ನೇ ಹತ್ತಿಸುವ ಈ ಮೆಟ್ಟಿಲುಗಳಿಗೆ ಹಿಡಿಕೆ ಒಂದೇ ಬದಿಗಿದೆ. ಮೊದಲೇ ಫೋನ್ ಮಾಡಿದರೆ ಚಿಕಿತ್ಸಕರು ಕೆಳಗಿಳಿದು ಬಂದು, ಮೆಡಿಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನೋಡುತ್ತಾರೆ. ಇದನ್ನು ಹೊರಗಿನ ಫಲಕದ ಮೇಲೆ ಬರೆಯಿಸಿಲ್ಲವಾದ್ದರಿಂದ, ಮಹಡಿ ಹತ್ತಿ ಹೋದವರಿಗೆ ಮಾತ್ರ ಗೊತ್ತಾಗುತ್ತದೆ.