ಒಂಬತ್ತು ಜನಕ್ಕೆ ಜಾಗ, ಐದಕ್ಕೆ ಮೂರು ಸ್ಟಾರ್

ಊಟಕ್ಕೆ ಕರೆದು ಗೋಡೆ ಮೇಲೆ ರೂಲ್ಸ್ ಬರೆಸಿದ ಮನೆ ಇದು. ಇಟಲಿಯ ಪೊಂಪೆಯಲ್ಲಿದೆ, ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋಗಿದ್ದ ಹಳೇ ರೋಮನ್ ಊರು ಅದು. ಈಗಿನವರು ಇದನ್ನು ಮೊರಾಲಿಸ್ಟನ, ಅಂದರೆ ನೀತಿ ಹೇಳುವವನ, ಮನೆ ಅಂತಾರೆ, ಆ ಹೆಸರು ಬಂದಿದ್ದೇ ಈ ಬರಹದಿಂದ. ನಾನು ಸ್ಟಾರ್ ಕೊಡುತ್ತಿರುವುದು ತೋಟದ ಪಕ್ಕದ ಬೇಸಿಗೆ ಊಟದ ಕೋಣೆಗೆ. ಮೂರು ಕಡೆ ಗಾರೆ ಮಂಚ, ನಡುವೆ ಗಾರೆಯದೇ ಮೇಜು, ನಾಲ್ಕನೇ ಕಡೆ ಬಡಿಸುವವರ ಓಡಾಟಕ್ಕೆ ಖಾಲಿ. ಇಂಥ ಕೋಣೆಗೆ ರೋಮನ್ನರು ಟ್ರಿಕ್ಲಿನಿಯಂ ಅನ್ನುತ್ತಿದ್ದರು. ಮಂಚಕ್ಕೆ ಮೂವರಂತೆ ಒಂಬತ್ತು ಜನ.

ಆರಾಮವಾಗಿದೆಯಾ? ಇಲ್ಲ. ಎಡ ಮೊಣಕೈ ದಿಂಬಿಗೆ ಊರಿ, ಕಾಲು ಹಿಂದಕ್ಕೆ ಚಾಚಿ, ಬಲಗೈಯಲ್ಲಿ ತಿನ್ನಬೇಕು. ನಾನೂ ನೆಲದ ಮೇಲೆ ಹಾಸಿಗೆ ಹಾಕಿಕೊಂಡು ಹೀಗೇ ಒಂದ್ಸಲ ಮಲಗಿ ಊಟ ಮಾಡಿ ನೋಡಿದೆ. ಹತ್ತೇ ನಿಮಿಷಕ್ಕೆ ಕೈ ಜೋಮು ಹಿಡಿಯಿತು, ಚಮಚದಲ್ಲಿದ್ದ ಸೂಪ್ ಬಾಯಿಗಿಂತ ಅಂಗಿಗೇ ಜಾಸ್ತಿ ಹೋಯಿತು. ಪಕ್ಕದವರ ಹತ್ತಿರ ಮಾತಾಡುವುದಂತೂ ಇನ್ನೂ ಕಷ್ಟ. ಎಲ್ಲರೂ ಎಡಕ್ಕೇ ಒರಗಿರುವುದರಿಂದ ಒಬ್ಬರು ನಿಮಗೆ ಬೆನ್ನು ಹಾಕಿರುತ್ತಾರೆ, ಇನ್ನೊಬ್ಬರಿಗೆ ನೀವು ಬೆನ್ನು ಹಾಕಿರುತ್ತೀರಿ. ಗಾರೆ ಮಂಚ ಗಟ್ಟಿ, ಮೇಲೆ ಮೆತ್ತೆ ಹಾಸಲೇಬೇಕು.

ಆದರೆ ಅವರು ಹೀಗೆ ಮಲಗುತ್ತಿದ್ದದ್ದು ಸುಖಕ್ಕಷ್ಟೇ ಅಲ್ಲ, ಯಾರು ದೊಡ್ಡವರು ಅಂತ ತೋರಿಸೋದಕ್ಕೂ ಹೌದು. ಮುಖ್ಯ ಅತಿಥಿಗೆ ನಡುವಿನ ಮಂಚದ ಕೊನೆಯ ಜಾಗ, ಅದಕ್ಕೆ ಅಂಟಿಕೊಂಡೇ ಪಕ್ಕದ ಮಂಚದಲ್ಲಿ ಯಜಮಾನ. ನಿಮ್ಮನ್ನು ಎಲ್ಲಿ ಮಲಗಿಸಿದರು ಅಂತ ನೋಡಿದರೆ ಸಾಕು, ನಿಮ್ಮ ಬೆಲೆ ಗೊತ್ತಾಗುತ್ತದೆ. ಊರಿನ ಸಾಮಾನ್ಯ ಜನ ಬೀದಿ ಬದಿ ಅಂಗಡಿಗಳಲ್ಲಿ ಕೂತೋ ನಿಂತೋ ತಿಂದು ಹೋಗುತ್ತಿದ್ದರು, ಅವರ ಊಟವೇ ಸಲೀಸು ಅನ್ನಿಸುತ್ತೆ.

ಅಂದಚಂದ ಬೇಕಿದ್ದವರು ಇದೇ ಊರಿನ ಬೇರೆ ಕೋಣೆ ನೋಡಿ. 2024ರಲ್ಲಿ ಬೆಳಕಿಗೆ ಬಂದ ದೊಡ್ಡ ಹಾಲ್ ಒಂದಿದೆ, ಸುಮಾರು 15 ಮೀಟರ್ ಉದ್ದ, 6 ಮೀಟರ್ ಅಗಲ. ಗೋಡೆಯೆಲ್ಲ ಕಪ್ಪು. ದೀಪದ ಮಸಿ ಕಾಣಬಾರದು ಅಂತ ಹಾಗೆ ಮಾಡಿದ್ದಂತೆ, ಎಂಥಾ ಬುದ್ಧಿ ಅಲ್ವಾ! ಆ ಕಪ್ಪಿನ ಮೇಲೆ ಗ್ರೀಕ್ ಪುರಾಣದ ಹೆಲೆನ್, ಪ್ಯಾರಿಸ್, ಅಪೊಲೊ, ಕಸಾಂಡ್ರರ ಚಿತ್ರ.

ಆದರೂ ನನಗೆ ಇಷ್ಟವಾಗಿದ್ದು ಮೊರಾಲಿಸ್ಟನ ಮನೆಯೇ, ಕಾರಣ ಆ ಗೋಡೆ. ಬೇರೆಯವರ ಹೆಂಡತಿ ಕಡೆ ಕಣ್ಣು ಹಾಯಿಸಬೇಡ. ಜಗಳ ಬೇಡ, ಆಗದಿದ್ದರೆ ಎದ್ದು ನಿನ್ನ ಮನೆಗೆ ನಡಿ. ನಮ್ಮ ಹಾಸುಬಟ್ಟೆ ಜೋಪಾನ. ಹಿಂದಿನ ಊಟಗಳಲ್ಲಿ ಏನೇನಾಗಿತ್ತು ಅಂತ ಊಹಿಸಿಕೊಳ್ಳಿ! ಇದಕ್ಕೇ ಎರಡು ಸ್ಟಾರ್, ತೋಟದ ಗಾಳಿಗೆ ಇನ್ನೊಂದು.

ಮೊಣಕೈ ನೋವಿಗೆ ಒಂದು ಸ್ಟಾರ್ ಕಟ್. ಇನ್ನೊಂದು ಕಟ್ ಆಗಿದ್ದು ಅದೇ ಗೋಡೆಯ ಇನ್ನೊಂದು ಮಾತಿಗೆ: ಅತಿಥಿಯ ಕಾಲು ತೊಳೆದು ಹುಡುಗ ಒರೆಸಲಿ. ಹುಡುಗ ಅಂದರೆ ಗುಲಾಮ. ಇಂಥ ಊಟಗಳಲ್ಲಿ ಗುಲಾಮರು ರಾತ್ರಿಯಿಡೀ ಹಸಿದುಕೊಂಡು, ತುಟಿ ಪಿಟಕ್ಕೆನ್ನದೆ ನಿಂತಿರುತ್ತಿದ್ದರು, ಕೆಮ್ಮಿದರೂ ಸೀನಿದರೂ ಏಟು ಬೀಳುತ್ತಿತ್ತು ಅಂತ ರೋಮನ್ ತತ್ವಜ್ಞಾನಿ ಸೆನೆಕನೇ ಬರೆದಿದ್ದಾನೆ. ಒಂಬತ್ತು ಜನ ಮಲಗುವ ಕೋಣೆಯಲ್ಲಿ ಆ ಹುಡುಗನಿಗೆ ಒಂದು ಸ್ಟೂಲೂ ಇಲ್ಲ.